ಆ ಶಾಲೆಗೆ ಸೇರಿದವರು ಇಬ್ಬರು

ಹೋದ ವಾರ ಕೆಲಸ ಮುಗಿಸಿ ಬಂದು ನಮ್ಮ ಕಟ್ಟಡದ ಬಾಗಿಲು ತೆಗೆದಾಗ ಮೆಟ್ಟಿಲಿನುದ್ದಕ್ಕೂ ಒಂದು ವಾಸನೆ ಹರಡಿತ್ತು. ಪೈನ್ ಎಣ್ಣೆ ಬೆರೆಸಿದ ಹಸಿರು ಸೋಪಿನ ವಾಸನೆ. ಇಲ್ಲಿ ಸ್ವೀಡನ್ನಿನಲ್ಲಿ ಹಳೆಯ ಕಾಲದವರು ನೆಲ ಒರೆಸಲು ಅದನ್ನೇ ಬಳಸುತ್ತಾರೆ. ಕೆಳಮನೆಗೆ ಹೊಸದಾಗಿ ಬಂದ ಗಂಡ ಹೆಂಡತಿ ಬಾಗಿಲು ತೆರೆದಿಟ್ಟುಕೊಂಡು ಮರದ ನೆಲ ಉಜ್ಜುತ್ತಿದ್ದರು. ನನ್ನನ್ನು ಕಂಡು ‘ಹೇಯ್’ ಎಂದರು, ಇಲ್ಲಿನ ನಮಸ್ಕಾರ ಅದು. ನಾನೂ ಹೇಯ್ ಎಂದೆ. ಆದರೆ ಮುಂದಿನ ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ಆ ಮನೆಯಿಂದ ಇದೇ ವಾಸನೆ ಬರುತ್ತಿದ್ದ ದಿನಗಳಲ್ಲಿ ಅಲ್ಲಿ ಒಬ್ಬರಿದ್ದರು…

ನಾವು ಅವರನ್ನು ತಾಂತ್ ಎನ್ನುತ್ತಿದ್ದೆವು. ಇಲ್ಲಿನ ಮಕ್ಕಳು ವಯಸ್ಸಾದ ಹೆಂಗಸರನ್ನು ಹಾಗೆ ಕರೆಯುತ್ತಾರೆ, ನಮ್ಮಲ್ಲಿ ಅಜ್ಜಿ ಎಂದ ಹಾಗೆ. ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗಲು ಶುರುಮಾಡಿದ್ದ ನನ್ನ ಮಗಳು ಕರೆದಳು, ನಾವೂ ಅದನ್ನೇ ಹಿಡಿದುಕೊಂಡೆವು. ನನ್ನ ಗಂಡನಿಗೆ ಈ ಸೋಡರ್‌ಟೆಲ್ಯೆ ಪಟ್ಟಣದ ಟ್ರಕ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಬಂದ ಮೊದಲ ಚಳಿಗಾಲ ಅದು. ಹಾಸನದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ನಾನು ಇಲ್ಲಿ ಮಗುವನ್ನು ಬಿಟ್ಟು ಬರುವುದು, ಕರೆದುಕೊಂಡು ಬರುವುದು, ಇಷ್ಟೇ ಆಗಿ ಹೋಗಿದ್ದೆ.

ಪರಿಚಯವಾದದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಅಲ್ಲಿ ಪ್ರತಿ ಮನೆಗೂ ಒಂದು ಸರದಿ, ಮುಂಚೆಯೇ ಬೋರ್ಡಿನಲ್ಲಿ ಗುರುತು ಹಾಕಬೇಕು. ಅದು ಗೊತ್ತಿಲ್ಲದೆ ನಾನು ಅವರ ಸರದಿಯಲ್ಲಿ ನನ್ನ ಸೀರೆಗಳನ್ನು ಮಷೀನಿಗೆ ಹಾಕಿ ಕೂತಿದ್ದೆ. ಎತ್ತರದ, ನೆಟ್ಟಗಿನ ಬೆನ್ನಿನ ಮುದುಕಿಯೊಬ್ಬರು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದ್ದು ಬೇರೆ.

“ನಿಮ್ಮ ದೇಶದಲ್ಲಿ ಏನ್ಮಾಡ್ತಿದ್ರಿ?”

“ಮ್ಯಾತ್ಸ್ ಟೀಚರ್ ಆಗಿದ್ದೆ.”

“ನಾನೂ,” ಎಂದರು. ಬುಟ್ಟಿ ಕೆಳಗಿಟ್ಟು, “ಆಲ್ಜೀಬ್ರಾನೋ, ಜ್ಯಾಮಿಟ್ರಿನೋ?” ಎಂದು ಕೇಳಿದರು. ಜ್ಯಾಮಿಟ್ರಿ ಎಂದೆ. ನಾನು ಯಾವುದೋ ಪರೀಕ್ಷೆ ಪಾಸಾದ ಹಾಗೆ ತಲೆಯಾಡಿಸಿದರು. ಸೀರೆಗಳು ಪೂರ್ತಿ ಒಗೆದಾಗುವವರೆಗೂ ಕಾದಿದ್ದು, ಆಮೇಲೆ ತಮ್ಮ ಬಟ್ಟೆ ಹಾಕಿದರು.

ಆ ಮೇಲೆ ವಾರಕ್ಕೆ ಎರಡು ಮೂರು ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ನನಗೆ ಪಾಠ. ಸ್ವೀಡಿಷ್ ಕಲಿಸುವ ಸರ್ಕಾರಿ ತರಗತಿಗೆ ಹೋಗಿ ಬಂದರೂ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ತಾಂತ್ ಕಪಾಟಿನಿಂದ ಹಳೆಯ ಶಾಲಾ ಗಣಿತದ ಪುಸ್ತಕ ತೆಗೆದು ಮುಂದಿಟ್ಟರು. “ಲೆಕ್ಕ ನಿನಗೆ ಗೊತ್ತೇ ಇದೆ. ಭಾಷೆ ಅದರ ಹಿಂದೆ ಬರತ್ತೆ,” ಎಂದರು. ಹಾಗೇ ಆಯಿತು. ತ್ರಿಭುಜ, ಲಂಬ, ಸಮಾನಾಂತರ, ಈ ಪದಗಳು ಹಾಲು, ಬ್ರೆಡ್ಡಿಗಿಂತ ಮೊದಲು ನನಗೆ ಸ್ವೀಡಿಷಿನಲ್ಲಿ ಬಂದವು. ನಮ್ಮ ಮಾತು ಅರ್ಧ ಇಂಗ್ಲಿಷು, ಅರ್ಧ ಸ್ವೀಡಿಷು. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವರಿಗೆ ಆಗಲೇ ಎಂಬತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬಂದು ಹೋಗುವವರೂ ಕಡಿಮೆ. ಊರಲ್ಲಿ ಅನೇಕರು ಅವರ ವಿದ್ಯಾರ್ಥಿಗಳು, ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಿದ್ದರು. ಮುಖದಲ್ಲಿ ನಗು ಬೇಗ ಬರುತ್ತಿರಲಿಲ್ಲ. ಒಂದು ಅಭ್ಯಾಸ ಮಾತ್ರ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ನಾನು ಬಂದು ಕೂತ ಕೂಡಲೇ ಒಂದು ದೊಡ್ಡ ಲೋಟ ನೀರು ತಂದಿಡುವರು. ಕಾಫಿ ಆಮೇಲೆ. ನಾನು ಅದನ್ನು ಕುಡಿದು ಮುಗಿಸುವವರೆಗೂ ಪುಸ್ತಕ ತೆರೆಯುತ್ತಿರಲಿಲ್ಲ.

ಎರಡನೇ ಬೇಸಿಗೆ ಇರಬೇಕು. ಜೂನ್ ತಿಂಗಳಲ್ಲಿ ಇಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳು ಬಿಳಿ ಟೋಪಿ ಹಾಕಿಕೊಂಡು, ತೆರೆದ ಲಾರಿಗಳ ಮೇಲೆ ನಿಂತು, ಹಾಡುತ್ತ ಕೂಗುತ್ತ ಊರೆಲ್ಲ ಸುತ್ತುತ್ತಾರೆ. ಅಂಥದೊಂದು ಲಾರಿ ಕಿಟಕಿಯ ಕೆಳಗೆ ಹೋಯಿತು. ಹುಡುಗರಿಗಿಂತ ಹುಡುಗಿಯರೇ ಹೆಚ್ಚಿದ್ದರು. “ನೀವೂ ಹೀಗೆ ಟೋಪಿ ಹಾಕ್ಕೊಂಡಿದ್ರಾ?” ಎಂದು ಕೇಳಿದೆ.

“ಹಾಕ್ಕೊಂಡೆ,” ಎಂದರು. ಲಾರಿಯ ಸದ್ದು ತಿರುವಿನಾಚೆ ಅಡಗಿತು. “ಇಬ್ಬರು ಹಾಕ್ಕೋಬೇಕಿತ್ತು.”

ಅವರ ತಂದೆ ಸ್ಯಾಂಡ್‌ವಿಕೆನ್ ಎಂಬ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರರು. ಎರಡನೇ ಮಹಾಯುದ್ಧಕ್ಕೂ ಮುಂಚಿನ ಮಾತು. ಆಗ ಸರ್ಕಾರದ ದೊಡ್ಡ ಶಾಲೆಗಳು, ಲ್ಯಾಟಿನ್, ಗಣಿತ ಕಲಿತು ಕಾಲೇಜಿಗೆ ಹೋಗುವ ದಾರಿಯಿದ್ದ ಶಾಲೆಗಳು, ಗಂಡುಮಕ್ಕಳವು. ಹೆಣ್ಣುಮಕ್ಕಳಿಗೆ ಬೇರೆ ಖಾಸಗಿ ಶಾಲೆಗಳಿದ್ದವು, ಅವು ಉಳ್ಳವರ ಮನೆಯ ಹುಡುಗಿಯರಿಗೆ. ಆಮೇಲೆ ಕಾನೂನು ಬದಲಾಗಿ ಗಂಡುಮಕ್ಕಳ ಕೆಲವು ಶಾಲೆಗಳು ಹುಡುಗಿಯರಿಗೂ ಬಾಗಿಲು ತೆರೆದವು. ಪಕ್ಕದ ಪಟ್ಟಣದ ಶಾಲೆ ತೆರೆದಾಗ ಒಳಗೆ ಹೋದವರು ಇಬ್ಬರೇ ಇಬ್ಬರು. ತಾಂತ್, ಮತ್ತು ಅದೇ ಬೀದಿಯ ಅವರ ಗೆಳತಿ. ಗೆಳತಿಗೆ ತಂದೆ ಇರಲಿಲ್ಲ. ತಾಯಿ ಕಾರ್ಖಾನೆಯ ಕೆಲಸಗಾರರ ಊಟದ ಮನೆಯಲ್ಲಿ ಬ್ರೆಡ್ ಸುಡುತ್ತಿದ್ದರು. ಬೆಳಿಗ್ಗೆ ಒಟ್ಟಿಗೆ ರೈಲು ಹತ್ತಿ, ಕತ್ತಲಾಗುವ ಹೊತ್ತಿಗೆ ಒಟ್ಟಿಗೆ ಇಳಿಯುತ್ತಿದ್ದರು.

“ನಾನು ಓದಿ ಓದಿ ಪಾಸಾಗ್ತಿದ್ದೆ. ಅವಳು ನೋಡಿದ್ರೆ ಸಾಕಿತ್ತು,” ಎಂದರು ತಾಂತ್. “ಮೇಷ್ಟ್ರು ಬೋರ್ಡ್ ತುಂಬ ಬರೆದು ಸಾಧಿಸಿದ್ದನ್ನ ಅವಳು ಒಂದು ಗೆರೆ ಎಳೆದು ತೋರಿಸ್ತಿದ್ದಳು. ಆ ಗೆರೆ ಅಲ್ಲೇ ಇತ್ತು, ನಮಗೆ ಯಾರಿಗೂ ಕಾಣ್ತಿರ್ಲಿಲ್ಲ ಅಷ್ಟೇ.”

ಆ ಶಾಲೆಯಲ್ಲಿ ಹುಡುಗಿಯರಿಗೆ ಪಾಯಿಖಾನೆ ಇರಲಿಲ್ಲ. ಅದನ್ನು ಯಾರೂ ಯೋಚಿಸಿರಲಿಲ್ಲ. ಶಾಲೆಯ ದೊಡ್ಡ ಅಂಗಳ ದಾಟಿ, ಗೇಟಿನಾಚೆ ಇದ್ದ ಕಾವಲುಗಾರನ ಮನೆಗೆ ಹೋಗಿ, ಅವನ ಹೆಂಡತಿಯ ಹತ್ತಿರ ಬೀಗದ ಕೈ ಕೇಳಬೇಕು. ಅದೇ ಏರ್ಪಾಡು. ಬಿಡುವಿನ ಹೊತ್ತಿನಲ್ಲಿ ಹುಡುಗರು ಅಂಗಳದ ಎರಡೂ ಬದಿ ಸಾಲಾಗಿ ನಿಲ್ಲುತ್ತಿದ್ದರು. ಈ ಇಬ್ಬರು ಯಾಕೆ ಹೋಗುತ್ತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಕೆಲವರು ಸೀಟಿ ಹೊಡೆಯುವರು. ಕೆಲವರು ಹೆಜ್ಜೆಗೆ ಸರಿಯಾಗಿ ಚಪ್ಪಾಳೆ ತಟ್ಟುವರು. ಮೈ ಮುಟ್ಟಲಿಲ್ಲ, ಕೆಟ್ಟ ಮಾತಾಡಲಿಲ್ಲ. ಮೇಲಿನ ಕಿಟಕಿಯಿಂದ ಉಪಾಧ್ಯಾಯರು ನೋಡುತ್ತಿದ್ದರು, ಅವರಿಗೂ ಅದೊಂದು ಹುಡುಗಾಟ.

ತಾಂತ್ ಆ ಸಾಲಿನ ನಡುವೆ ನಡೆದು ಹೋಗಿ ಬರುತ್ತಿದ್ದರಂತೆ. ಗೆಳತಿಗೆ ಆಗಲಿಲ್ಲ. ಮೊದಮೊದಲು ಹೋದಳು, ಆಮೇಲೆ ಹೋಗುವುದನ್ನೇ ಬಿಟ್ಟಳು. ಬೆಳಿಗ್ಗೆ ಮನೆಯಲ್ಲಿ ಹಾಲು ಬಿಟ್ಟಳು. ಶಾಲೆಯಲ್ಲಿ ನೀರು ಬಿಟ್ಟಳು. ಮಧ್ಯಾಹ್ನದ ಬ್ರೆಡ್ಡನ್ನು ಒಣಗಿದ ಬಾಯಲ್ಲೇ ನುಂಗುವಳು. ಸಂಜೆ ರೈಲಿಳಿದವಳು ಮನೆಗೆ ಓಡುವಳು. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಯ ಪರೀಕ್ಷೆಗೆ ಇನ್ನೆರಡು ವರ್ಷ ಇದ್ದಾಗ, ಒಂದು ಚಳಿಗಾಲದಲ್ಲಿ, ಅವಳಿಗೆ ಜ್ವರ ಬಂತು. ಬೆನ್ನು ನೋವು ಎಂದಳು. ಶೀತ ಅಂದುಕೊಂಡರು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಈಗಿನ ಔಷಧಿಗಳು ಆಗ ಇರಲಿಲ್ಲ…

ಇಲ್ಲಿಗೆ ಬಂದಾಗ ತಾಂತ್ ಕಿಟಕಿಯ ಕಡೆ ತಿರುಗಿ ಕೂತಿದ್ದರು. “ಸ್ಕೂಲಲ್ಲಿ ನಾನೂ ನೀರು ಕುಡೀತಿರ್ಲಿಲ್ಲ,” ಎಂದೆ.

ಅವರು ತಿರುಗಿ ನೋಡಿದರು.

ನನ್ನ ಹೈಸ್ಕೂಲೂ ಮೂಲದಲ್ಲಿ ಗಂಡುಮಕ್ಕಳದ್ದೇ. ಸುತ್ತಲ ಊರುಗಳಿಂದ ಹುಡುಗಿಯರು ಬರಲು ಶುರುವಾದ ಮೇಲೂ ನಮಗೆಂದು ಏನೂ ಕಟ್ಟಿಸಿರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೂ ನೀರು ಮುಟ್ಟುತ್ತಿರಲಿಲ್ಲ. ನಾನೊಬ್ಬಳಲ್ಲ, ಎಲ್ಲ ಹುಡುಗಿಯರೂ ಹಾಗೇ. ಆಮೇಲೆ ನಾನೇ ಟೀಚರಾದಾಗ ಸ್ಟಾಫ್ ರೂಮಿನ ಹಿಂದೆ ಒಂದಿತ್ತು, ಅದರ ಬಾಗಿಲಿಗೆ ಚಿಲಕ ಇರಲಿಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಇದನ್ನೆಲ್ಲ ನನಗೆ ಬರುತ್ತಿದ್ದ ಸ್ವೀಡಿಷಿನಲ್ಲೇ ಹೇಳಿದೆ.

“ಯಾವಾಗ ಇದು?” ಎಂದು ಕೇಳಿದರು.

“ನಾನು ಓದುವಾಗ. ಎಂಬತ್ತರ ದಶಕ.”

ತಾಂತ್ ಎದ್ದು ನಲ್ಲಿ ತಿರುಗಿಸಿ, ನನ್ನ ಖಾಲಿ ಲೋಟಕ್ಕೆ ಮತ್ತೆ ನೀರು ತುಂಬಿಸಿ ತಂದಿಟ್ಟರು.

ಉಳಿದ ಕಥೆಯನ್ನು ಅವರು ಇನ್ನೊಂದು ದಿನ ಹೇಳಿದರು. ಮಣ್ಣು ಮಾಡಿ ಬಂದ ಮೇಲೆ ಗೆಳತಿಯ ತಾಯಿ ಇವರನ್ನು ಕೂರಿಸಿಕೊಂಡು, “ಅವಳು ಬೆಳಿಗ್ಗೆ ಹಾಲು ಯಾಕೆ ಬಿಟ್ಟಿದ್ದಳು?” ಎಂದು ಕೇಳಿದರಂತೆ. ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ಆ ತಾಯಿ ಮರುದಿನವೇ ಒಳ್ಳೆಯ ಕೋಟು ಹಾಕಿಕೊಂಡು, ಒಬ್ಬರೇ ರೈಲು ಹತ್ತಿ, ಶಾಲೆಯ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರು ನಿಂತುಕೊಂಡೇ ಕೇಳಿಸಿಕೊಂಡರು. ಕೂರಿ ಎನ್ನಲಿಲ್ಲ. ಸಂತಾಪದ ಎರಡು ಮಾತು ಹೇಳಿದರು. ಆಮೇಲೆ ಹೇಳಿದರು: ಹುಡುಗಿಯರನ್ನು ಸೇರಿಸಿಕೊಂಡಿದ್ದು ಇನ್ನೂ ಎಲ್ಲರಿಗೂ ಒಪ್ಪಿಗೆಯಾಗಿಲ್ಲ, ಇದು ಪತ್ರಿಕೆಗೆ ಹೋದರೆ, ನೋಡಿ, ಹುಡುಗಿಯರ ಮೈಗೆ ಈ ಓದು ತಡೆಯಲ್ಲ ಅಂತಾರೆ, ಇನ್ನೊಬ್ಬಳನ್ನೂ ಮನೆಗೆ ಕಳಿಸಬೇಕಾಗತ್ತೆ.

ಇನ್ನೊಬ್ಬಳು ಅಂದರೆ ತಾಂತ್.

ತಾಯಿ ಅದೇ ರೈಲಿನಲ್ಲಿ ವಾಪಸು ಬಂದರು. ಬೀದಿಯಲ್ಲಿ ಯಾರು ಕೇಳಿದರೂ ಮಗಳು ಶೀತವಾಗಿ ಹೋದಳು ಎಂದೇ ಹೇಳಿದರು. ಸಾಯುವವರೆಗೂ ಹಾಗೇ ಹೇಳಿದರು. ಆ ವರ್ಷದ ರಜೆ ಮುಗಿದು ಶಾಲೆ ತೆರೆದಾಗ ಕಟ್ಟಡದ ಹಿಂದೆ ಹುಡುಗಿಯರಿಗೆಂದು ಮರದ ಒಂದು ಚಿಕ್ಕ ಕೋಣೆ ಕಟ್ಟಿದ್ದರು. ಯಾಕೆ ಎಂದು ಯಾರೂ ಹೇಳಲಿಲ್ಲ. ಅದನ್ನು ಬಳಸಲು ಆಗ ಇಡೀ ಶಾಲೆಯಲ್ಲಿ ಇದ್ದ ಹುಡುಗಿ ಒಬ್ಬಳೇ.

“ಟೋಪಿ ಹಾಕ್ಕೊಂಡು ನಾನು ಹೊರಗೆ ಬಂದ ದಿನ ಎಲ್ಲ ಹುಡುಗರ ಅಪ್ಪ ಅಮ್ಮಂದಿರೂ ಹೂವು ಹಿಡ್ಕೊಂಡು ನಿಂತಿದ್ರು,” ಎಂದರು ತಾಂತ್. “ನನ್ನ ಅಪ್ಪನಿಗೆ ಪಾಳಿ ಇತ್ತು. ಅಮ್ಮ ಕಾಯಿಲೆಯಿಂದ ಮಲಗಿದ್ದಳು. ಯಾರೂ ಬರಲ್ಲ ಅಂತ ನನಗೆ ಗೊತ್ತಿತ್ತು. ಗೇಟಿನ ಹತ್ರ ಅವಳ ಅಮ್ಮ ನಿಂತಿದ್ದರು. ಹೂವು ತಂದಿದ್ದರು. ಕೊರಳಿಗೆ ಹಾಕಿ, ಟೋಪಿ ಸರಿಮಾಡಿದರು.”

ನನಗೆ ಈ ಕಥೆ ಹೇಳಿದ ಮುಂದಿನ ವರ್ಷ ಆ ಶಾಲೆಯಿಂದ ಅವರಿಗೆ ಫೋನ್ ಬಂತು. ಶಾಲೆಯ ದೊಡ್ಡ ವಾರ್ಷಿಕೋತ್ಸವ. ಮೊದಲ ವಿದ್ಯಾರ್ಥಿನಿಯಾಗಿ ನೀವು ಬಂದು ನಾಲ್ಕು ಮಾತಾಡಬೇಕು, ಹಳೆಯ ಕಾಲದ ತಮಾಷೆಯ ನೆನಪುಗಳಿದ್ದರೆ ಹೇಳಿ ಎಂದಿದ್ದರು. ಈಗಿನ ಮುಖ್ಯಸ್ಥರು ಹೆಂಗಸು, ದನಿಯಲ್ಲಿ ಒಳ್ಳೆಯತನ ಇತ್ತು ಎಂದರು ತಾಂತ್. ಹಿಂದೆಯೂ ಕರೆದಿದ್ದರಂತೆ, ಇವರು ಹೋಗಿರಲಿಲ್ಲ. ಈ ಸಲ ಹೋಗುತ್ತೇನೆ, ನನ್ನ ಜೊತೆ ಬರುತ್ತೀಯಾ ಎಂದು ಕೇಳಿದರು.

ಗಂಡನಿಗೆ ಹೇಳಿದೆ. “ಅಷ್ಟು ದೂರ ಈ ವಯಸ್ಸಲ್ಲಿ ಬೇಕಾ ಅವ್ರಿಗೆ? ಯಾರಾದ್ರೂ ರಿಲೇಟಿವ್ಸ್ ಇಲ್ವಾ?” ಎಂದರು.

“ನನ್ನನ್ನೇ ಕೇಳಿದಾರೆ.”

ಒಂದು ಕ್ಷಣ ನನ್ನ ಮುಖ ನೋಡಿ, “ಸರಿ ಬಿಡು, ಶನಿವಾರ ತಾನೆ, ಮಗೂನ ನಾನ್ ನೋಡ್ಕೋತೀನಿ,” ಎಂದರು.

ಹಳದಿ ಬಣ್ಣದ ದೊಡ್ಡ ಕಟ್ಟಡ. ಮುಂದೆ ಆ ಅಂಗಳ. ಈಗ ಅಲ್ಲಿ ಸೈಕಲ್ ನಿಲ್ಲಿಸುವ ಕಂಬಿಗಳು, ಬೆಂಚುಗಳು. ತಾಂತ್ ಗೇಟಿನ ಬಳಿ ನಿಂತರು. ನಾನು ಕೈ ಹಿಡಿಯಲು ಹೋದೆ, ಬೇಡ ಎಂದರು. ಊರುಗೋಲನ್ನು ನನ್ನ ಕೈಗೆ ಕೊಟ್ಟು, ಆ ಅಂಗಳವನ್ನು ಒಬ್ಬರೇ ದಾಟಿದರು. ನಾನು ಸ್ವಲ್ಪ ಹಿಂದೆ ನಡೆದೆ.

ಸಭಾಂಗಣ ತುಂಬಿತ್ತು. ಮಕ್ಕಳ ಹಾಡು ಆಯಿತು, ಮುಖ್ಯಸ್ಥೆಯ ಭಾಷಣ ಆಯಿತು. ತಾಂತ್ ಎದ್ದು ನಿಂತು ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡರು. ಕಾಗದ ಇರಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಅವರ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅವರ ಮಾತು ನನಗೆ ಮನೆಯಲ್ಲಿ ತಿಳಿಯುವಷ್ಟು ಅಲ್ಲಿ ತಿಳಿಯಲಿಲ್ಲ, ನನಗಾಗಿ ನಿಧಾನ ಮಾಡಿರಲಿಲ್ಲ. ಆದರೂ ಅಂಗಳ ಎಂದದ್ದು ತಿಳಿಯಿತು. ನೀರು, ಹಾಲು, ತಾಯಿ. ಈ ಶಾಲೆಗೆ ಸೇರಿದವರು ಇಬ್ಬರು ಎಂದದ್ದು ತಿಳಿಯಿತು. ಗೆಳತಿಯ ಹೆಸರನ್ನು ಪೂರ್ತಿಯಾಗಿ, ಮನೆತನದ ಹೆಸರು ಸೇರಿಸಿ, ಗಟ್ಟಿಯಾಗಿ ಹೇಳಿದರು. ಇನ್ನೊಮ್ಮೆಯೂ ಹೇಳಿದರು. ಮೊದಲ ವಿದ್ಯಾರ್ಥಿನಿಯ ನೆನಪಿಗೆಂದು ಶಾಲೆಯವರು ಗೋಡೆಗೆ ಹಾಕಲಿದ್ದ ಫಲಕದಲ್ಲಿ ಆ ಹೆಸರೂ ಇರಲಿ ಎಂದು ಕೇಳಿ, ಮಾತು ಮುಗಿಸಿದರು.

ಚಪ್ಪಾಳೆ ಬಂತು, ತೆಳ್ಳಗೆ. ಮುಖ್ಯಸ್ಥೆ ಎದ್ದು ಧನ್ಯವಾದ ಹೇಳಿದರು, ಅಲ್ಲಿಂದ ನಾವು ಎಷ್ಟು ದೂರ ಬಂದಿದ್ದೇವೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. ಆದರೆ ಅಷ್ಟರಲ್ಲಿ ಮಕ್ಕಳು ಮುಂದಿನ ಹಾಡು ಶುರುಮಾಡಿದ್ದರು.

ಕಾಫಿಯ ಹೊತ್ತಿನಲ್ಲಿ ಜನ ಬಂದು ತಾಂತ್‌ರ ಕೈ ಕುಲುಕಿದರು, ಹವೆಯ ಮಾತಾಡಿದರು, ಪ್ರಯಾಣ ಹೇಗಾಯಿತು ಎಂದರು. ನೀರಿನ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಒಬ್ಬ ಮುದುಕ, ಅವರದೇ ವಯಸ್ಸಿನವನು, ಗೋಡೆ ಹಿಡಿದುಕೊಂಡು ಬಂದು ಎದುರು ನಿಂತ.

“ಆ ಸಾಲಿನಲ್ಲಿ ನಾನಿದ್ದೆ,” ಎಂದ. “ಸೀಟಿ ಹೊಡೀತಿದ್ದೆ.”

“ಗೊತ್ತು,” ಎಂದರು ತಾಂತ್. “ನಿನ್ನ ಸೀಟಿ ನನಗೆ ಈಗಲೂ ಗುರುತು ಸಿಗತ್ತೆ.”

“ಅವಳು ಹೋದದ್ದು ಅದರಿಂದ ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು.”

ತಾಂತ್ ಅವನನ್ನೇ ನೋಡುತ್ತಿದ್ದರು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ. ಅವನು ಹೋಗಲೂ ಆರದೆ, ನಿಲ್ಲಲೂ ಆರದೆ ಇರುವುದನ್ನು ಕಂಡು, “ನನಗೊಂದು ಕಾಫಿ ತಂದುಕೊಡು,” ಎಂದರು. ಅವನು ತಂದ. ಅರ್ಧ ತಟ್ಟೆಗೆ ಚೆಲ್ಲಿತ್ತು. ತಾಂತ್ ಉಳಿದದ್ದನ್ನು ಕುಡಿದರು. ಅವನು ಪಕ್ಕದಲ್ಲಿ ಕೂತ.

ರೈಲಿನಲ್ಲಿ ಗೆಳತಿಯ ಹೆಸರನ್ನು ಸರಿಯಾಗಿ ಕೇಳಿಕೊಳ್ಳಬೇಕು ಅಂದುಕೊಂಡಿದ್ದೆ. ತಾಂತ್ ಯಾವಾಗಲೂ ‘ಅವಳು’ ಎನ್ನುತ್ತಿದ್ದರು, ಇಲ್ಲವೇ ‘ನನ್ನ ಗೆಳತಿ’. ಆದರೆ ರೈಲು ಹೊರಟ ಕೂಡಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಅಷ್ಟು ಗಾಢವಾಗಿ ಅವರು ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ…

ಆಮೇಲೆ ದಿನಗಳು ಓಡಿದವು. ಇಲ್ಲಿನ ಶಿಕ್ಷಕರ ತರಬೇತಿಗೆ ಅರ್ಜಿ ಹಾಕು ಎಂದು ನನ್ನ ಬೆನ್ನು ಬಿದ್ದವರು ಅವರೇ. ನನ್ನ ಮೊದಲ ಪಾಠದ ಹಿಂದಿನ ದಿನ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಪೂರ್ತಿ ಪಾಠ ಹೇಳಿಸಿದರು. ಎರಡು ಚಳಿಗಾಲ ಕಳೆದ ಮೇಲೆ ತಾಂತ್ ಹಿಮದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಫ್ಲೆಮಿಂಗ್ಸ್‌ಬೆರ್ಯ್ ಆಸ್ಪತ್ರೆಗೆ ಶಾಲೆ ಮುಗಿಸಿ ಹೋಗುತ್ತಿದ್ದೆ. ಮೊದಮೊದಲು ನನ್ನ ವಿದ್ಯಾರ್ಥಿಗಳ ಬಗ್ಗೆ ಕೇಳುತ್ತಿದ್ದರು. ಕೊನೆಕೊನೆಗೆ ನನ್ನ ಕೈ ಹಿಡಿದು ಯಾರದೋ ಹೆಸರು ಹಿಡಿದು ಕರೆಯುತ್ತಿದ್ದರು. ದನಿ ಬಹಳ ಸಣ್ಣದಾಗಿತ್ತು, ಹೆಸರು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಇಲ್ಲಿದೀನಿ ಎನ್ನುತ್ತಿದ್ದೆ. ಆ ಆಸ್ಪತ್ರೆಯಲ್ಲೇ ತೀರಿಕೊಂಡರು.

ಈ ವರ್ಷ ವಸಂತದಲ್ಲಿ ಮಗಳ ಫುಟ್ಬಾಲ್ ತಂಡಕ್ಕೆ ತಾಂತ್ ಓದಿದ ಶಾಲೆಯಿದ್ದ ಪಟ್ಟಣದಲ್ಲೇ ಪಂದ್ಯಗಳಿದ್ದವು. ಮಕ್ಕಳ ತಂಡಗಳನ್ನು ಇಲ್ಲಿ ಶಾಲೆಗಳಲ್ಲೇ ಉಳಿಸುತ್ತಾರೆ. ನಮ್ಮನ್ನು ಉಳಿಸಿದ್ದು ಆ ಹಳದಿ ಕಟ್ಟಡದಲ್ಲಿ. ಹಾಸಿಗೆಯ ಸುರುಳಿ ಹೊತ್ತು ಕಾರಿಡಾರಿನಲ್ಲಿ ಹೋಗುತ್ತಿದ್ದ ಮಗಳು ನಿಂತಳು. “ಮಮ್ಮಾ, ತಿತ್ತಾ! ತಾಂತ್!” ಎಂದಳು. ನೋಡು ಎಂದಿದ್ದಳು. ಗೋಡೆಯ ಮೇಲೆ ಒಂದು ಹಳೆಯ ಫೋಟೋ: ಬಿಳಿ ಟೋಪಿ, ಕೊರಳಲ್ಲಿ ಹೂವು, ನೆಟ್ಟಗಿನ ಬೆನ್ನು. ಕೆಳಗೆ ಫಲಕದಲ್ಲಿ ತಾಂತ್‌ರ ಹೆಸರು, ಈ ಶಾಲೆಯ ಮೊದಲ ವಿದ್ಯಾರ್ಥಿನಿ. ಬೇರೆ ಯಾರ ಹೆಸರೂ ಇರಲಿಲ್ಲ.

“ಒಬ್ಬರಲ್ಲ, ಇಬ್ಬರು ಸೇರಿದ್ದು,” ಎಂದೆ.

“ವಾಡ್ ಹೆತ್ತೆ ಹೊನ್?” ಎಂದಳು ಮಗಳು. ಅವಳ ಹೆಸರೇನಿತ್ತು ಎಂದು ಕೇಳಿದ್ದು.

ಬಾಯಿ ತೆರೆದೆ. ಹೆಸರು ಬರಲಿಲ್ಲ. ಆ ಸಭೆಯಲ್ಲಿ ಕೇಳಿದ ಸದ್ದು ನೆನಪಿಗೆ ಬಂದ ಹಾಗೆ ಆಗುತ್ತಿತ್ತು, ಹಿಡಿಯಲು ಹೋದರೆ ಇಲ್ಲ. ಬೆಳಿಗ್ಗೆ ಶಾಲೆಯವರನ್ನು ವಿಚಾರಿಸಿದೆ. ಆಗಿನ ಮುಖ್ಯಸ್ಥೆ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ಪರೀಕ್ಷೆ ಮುಗಿಸಿದವರ ಹೆಸರು ಮಾತ್ರ ನಮ್ಮಲ್ಲಿ ಇರುವುದು ಎಂದರು. ಸೀಟಿಯ ಮುದುಕನೂ ತೀರಿಕೊಂಡಿದ್ದನಂತೆ.

ಮಗಳಿಗೆ ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಒಂದೇ ಗೆರೆ ಎಳೆದು ಸಾಧಿಸುತ್ತಿದ್ದಳಂತೆ ಎಂದೆ. ಅವಳ ಅಮ್ಮ ಬ್ರೆಡ್ ಸುಡುತ್ತಿದ್ದರು ಎಂದೆ. ಮಗಳು ಕೇಳಿಸಿಕೊಂಡು, ಅವಳದ್ದೂ ಫೋಟೋ ಇದ್ದರೆ ಚೆನ್ನಾಗಿತ್ತು ಎಂದು ಹೇಳಿ, ಆಟಕ್ಕೆ ಓಡಿದಳು. ನಾನು ಆ ಕಾರಿಡಾರಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಆ ಹೆಸರನ್ನು ಮರೆಯದೆ ಇಟ್ಟುಕೊಂಡಿದ್ದವರು ಫೋಟೋದಲ್ಲಿದ್ದ ಇವರೊಬ್ಬರೇ. ಎಷ್ಟೋ ವರ್ಷ ಇವರ ಪಕ್ಕದಲ್ಲೇ ಕೂತಿದ್ದೆ, ಕೇಳಬಹುದಿತ್ತು…